ಎಳೆಯರ ಮೈಗೆ ಬಿಸಿಲಿನ ರಕ್ಷೆ

ಪುತ್ತಿಗೆಯಿಂದ ನಮ್ಮ ವಾಚಕರೊಬ್ಬರು ಬರೆದ ಪತ್ರವು ಎರಡು ವಾರಗಳಿಂದ ನಮ್ಮ ಮೇಜಿನ ಮೇಲಿದೆ. ಬರೆದವರು ಸರಕಾರಿ ನೌಕರರು; ಏಳು ವರ್ಷದ ಮಗಳೊಬ್ಬಳ ತಂದೆ. ಮಗಳ ಶಾಲೆಯಿಂದ ಕ್ರೀಡಾಕೂಟದ ತಿಳಿವಳಿಕೆ ಪತ್ರ ಬಂದಿತು. ಮಕ್ಕಳ ಮುಖಕ್ಕೆ ‘ಸನ್‌ಸ್ಕ್ರೀನ್’ ಹಚ್ಚಿ ಕಳುಹಿಸಬೇಕೆಂದು ಅದರಲ್ಲಿ ಒಂದು ಸಾಲು ಇದ್ದಿತು. ತಂದೆ ಮೂಡಬಿದ್ರೆಯ ಪೇಟೆಗೆ ಹೋದರು. ಅಂಗಡಿಯವನು ಹತ್ತಾರು ಬಗೆಯ ಟ್ಯೂಬುಗಳನ್ನು ಮುಂದಿಟ್ಟನು. ಒಂದರ ಬೆಲೆ ನೂರೈವತ್ತು ರೂಪಾಯಿ, ಇನ್ನೊಂದರದು ಒಂಬೈನೂರು. ಒಂದರ ಮೇಲೆ 30 ಎಂಬ ಅಂಕೆ, ಇನ್ನೊಂದರ ಮೇಲೆ 50, ಮತ್ತೊಂದರ ಮೇಲೆ ಅದಕ್ಕೂ ಹೆಚ್ಚು. ಮಗುವಿಗೆ ಯಾವುದು ತಕ್ಕುದೆಂದು ಕೇಳಿದ್ದಕ್ಕೆ, “ಇದು ಒಳ್ಳೆಯದುಂಟು ಸಾರ್, ಮಗು ಸ್ವಲ್ಪ ಬೆಳ್ಳಗೂ ಆಗ್ತದೆ” ಎಂಬ ಉತ್ತರ ಬಂದಿತು. ಅವರು ಅದನ್ನೇ ಕೊಂಡರು. ಕ್ರೀಡಾಕೂಟದ ದಿನ ಸಂಜೆ ಮಗುವಿನ ಕೆನ್ನೆಗಳ ಮೇಲೆ ಕೆಂಪು ದದ್ದುಗಳೆದ್ದವು. ಅದು ಬಿಸಿಲಿನಿಂದ ಆದುದೋ ಲೇಪದಿಂದ ಆದುದೋ ಅವರಿಗೆ ತಿಳಿಯಲಿಲ್ಲ. ‘ಇಂತಹ ವಿಷಯದಲ್ಲಿ ನಮ್ಮಂತಹವರು ಯಾರನ್ನು ಕೇಳಬೇಕು?’ ಎಂದು ಅವರು ಪತ್ರವನ್ನು ಮುಗಿಸಿದ್ದಾರೆ.

ವಿಷಯವು ಅಲ್ಪವೆಂದು ಕೆಲವರು ನಗಬಹುದು. ನಾವು ಹಾಗೆ ಭಾವಿಸುವುದಿಲ್ಲ. ಮಗುವಿನ ಮೈಗೆ ದಿನವೂ ಹಚ್ಚಬೇಕೆಂದು ಹೇಳಲಾಗುವ ವಸ್ತುವಿನಲ್ಲಿ ಏನಿದೆ, ಅದು ಬೇಕೇ ಬೇಡವೇ, ಬೇಕಾದರೆ ಯಾವುದು ಎಂಬುದನ್ನು ತಿಳಿಯುವ ಹಕ್ಕು ತಂದೆತಾಯಿಗಳಿಗಿದೆ. ತಿಳಿಸುವ ಹೊಣೆ ಸರಕಾರಕ್ಕೂ ಶಾಲೆಗಳಿಗೂ ಪತ್ರಿಕೆಗಳಿಗೂ ಇದೆ. ಆ ಹೊಣೆಯಲ್ಲಿ ನಮ್ಮ ಪಾಲನ್ನು ಸಲ್ಲಿಸಲು ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ನಮ್ಮ ಬಿಸಿಲಿನ ಸ್ವರೂಪವನ್ನು ನೋಡೋಣ. ಚೌಟ ಅರಸರು ಹಿಂದೆ ನೆಲೆಸಿದ್ದ ಪುತ್ತಿಗೆಯು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಅಂಶಗಳ ದೂರದಲ್ಲಿದೆ. ಆದುದರಿಂದ ವರ್ಷಕ್ಕೆ ಎರಡು ಸಲ, ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ತಿಂಗಳ ಮೂರನೆಯ ವಾರದಲ್ಲಿ ಇನ್ನೊಮ್ಮೆ, ನಡುಹಗಲಿನ ಸೂರ್ಯನು ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ; ನೆಟ್ಟ ಕೋಲಿನ ನೆರಳು ಅದರ ಬುಡದಲ್ಲಿಯೇ ಅಡಗುತ್ತದೆ. ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ನಮ್ಮ ಗಡಿಯಾರಗಳು ಪೂರ್ವದ 82½ ಅಂಶದ ರೇಖಾಂಶವನ್ನು ಅನುಸರಿಸುತ್ತವೆ. ಪುತ್ತಿಗೆ ಇರುವುದು 75ರ ಸಮೀಪದಲ್ಲಿ. ಆದಕಾರಣ ಇಲ್ಲಿಯ ನಿಜವಾದ ಮಧ್ಯಾಹ್ನವು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡೂವರೆಗೆ. ಹನ್ನೆರಡು ಹೊಡೆಯಿತು, ಇನ್ನು ಬಿಸಿಲು ಇಳಿಯುತ್ತದೆಂದು ಮಕ್ಕಳನ್ನು ಮೈದಾನಕ್ಕೆ ಬಿಡುವ ಉಪಾಧ್ಯಾಯರು ಅವರನ್ನು ಬಿಸಿಲಿನ ಶಿಖರಕ್ಕೇ ಕಳುಹಿಸುತ್ತಿರುತ್ತಾರೆ.

ಮೈಯನ್ನು ಸುಡುವುದು ಬಿಸಿಲಿನ ಶಾಖವೆಂದು ಸಾಮಾನ್ಯರು ತಿಳಿದಿದ್ದಾರೆ. ಅದು ಸರಿಯಲ್ಲ. ಚರ್ಮವನ್ನು ಕಂದಿಸಿ ಸುಡುವುದು ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳು. ಶಾಖವು ಮೈಗೆ ತಿಳಿಯುತ್ತದೆ. ಈ ಕಿರಣಗಳು ತಿಳಿಯುವುದಿಲ್ಲ. ತಂಗಾಳಿ ಬೀಸುವ ದಿನದಲ್ಲಿಯೂ ಅವು ಇರುತ್ತವೆ. ತೆಳ್ಳನೆಯ ಮೋಡವಿರುವ ದಿನದಲ್ಲಿ ಅವುಗಳ ಶೇಕಡಾ 80ರವರೆಗಿನ ಅಂಶವು ಕೆಳಗೆ ಬರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಕಿರಣಗಳ ಬಲವನ್ನು ತಿಳಿಸುವ ಸೂಚ್ಯಂಕವೊಂದಿದೆ. ಅದು ಮೂರನ್ನು ಮುಟ್ಟಿದಾಗಲೇ ರಕ್ಷಣೆ ಬೇಕೆಂದು ಆ ಸಂಸ್ಥೆಯ ಮತ. ಹನ್ನೊಂದನ್ನು ಮುಟ್ಟಿದರೆ ಪರಮಾವಧಿ. ನಮ್ಮ ಕರಾವಳಿಯಲ್ಲಿ ಬಿಸುವಿನಿಂದ ಪತ್ತನಾಜೆಯವರೆಗಿನ ಶುಭ್ರ ದಿನಗಳಲ್ಲಿ ನಡುಹಗಲು ಈ ಹನ್ನೊಂದನ್ನು ದಾಟುವುದು ಅಪರೂಪವಲ್ಲ.

ಯಂತ್ರವಿಲ್ಲದೆ ಇದನ್ನು ಅಳೆಯುವ ಉಪಾಯವೊಂದುಂಟು. ಅದನ್ನು ಒಂದನೆಯ ತರಗತಿಯ ಮಗುವಿಗೂ ಕಲಿಸಬಹುದು. ನಿನ್ನ ನೆರಳು ನಿನಗಿಂತ ಗಿಡ್ಡವಾಗಿದ್ದರೆ ಬಿಸಿಲು ಬಲವಾಗಿದೆ, ನೆರಳಿಗೆ ಹೋಗು. ನೆರಳು ನಿನಗಿಂತ ಉದ್ದವಾಗಿದ್ದರೆ ಆಡು. ಈ ಲೆಕ್ಕದಂತೆ ಪುತ್ತಿಗೆಯಲ್ಲಿ ಏಪ್ರಿಲಿನ ಕೊನೆಗೆ ಬೆಳಗಿನ ಒಂಬತ್ತೂವರೆಯಿಂದ ಮಧ್ಯಾಹ್ನದ ಮೂರೂವರೆಯವರೆಗೆ ನೆರಳು ಗಿಡ್ಡವಾಗಿರುತ್ತದೆ. ಕ್ರೀಡಾಕೂಟಗಳ ಕಾಲವಾದ ಡಿಸೆಂಬರಿನಲ್ಲಿ ಕೂಡ ಹತ್ತೂಮುಕ್ಕಾಲರಿಂದ ಎರಡೂಕಾಲರವರೆಗೆ ಅದು ಗಿಡ್ಡವೇ. ಚಳಿಗಾಲದ ಬಿಸಿಲೆಂದು ಅಲಕ್ಷಿಸುವವರು ಇದನ್ನು ನೆನಪಿನಲ್ಲಿಡಬೇಕು.

ಈ ವಿಷಯದಲ್ಲಿ ನಮ್ಮ ಜನರಲ್ಲಿ ಎರಡು ಬಗೆಯ ತಪ್ಪು ಅಭಿಪ್ರಾಯಗಳಿವೆ. ಮೊದಲನೆಯದು ಹಿರಿಯರದು. ‘ನಾವು ಬಿಸಿಲಿನಲ್ಲಿಯೇ ಬೆಳೆದವರು; ಗದ್ದೆಯಲ್ಲಿ ದುಡಿದವರು; ನಮಗೆ ಯಾವ ಲೇಪವಿತ್ತು?’ ಎಂದು ಅವರು ಕೇಳುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ನಮ್ಮ ಚರ್ಮದ ವರ್ಣದ್ರವ್ಯವು ಪ್ರಕೃತಿಯೇ ಕೊಟ್ಟ ಕವಚ; ಬಿಳಿಯ ಚರ್ಮಕ್ಕಿಂತ ಅದು ಹಲವು ಪಟ್ಟು ಹೆಚ್ಚು ಕಿರಣಗಳನ್ನು ತಡೆಯುತ್ತದೆ. ಆಸ್ಟ್ರೇಲಿಯದಂತಹ ದೇಶಗಳನ್ನು ಕಾಡುವ ಚರ್ಮದ ಅರ್ಬುದ ರೋಗವು ನಮ್ಮಲ್ಲಿ ಬಹಳ ಕಡಿಮೆ. ಆದರೆ ಕಡಿಮೆ ಎಂದರೆ ಇಲ್ಲವೆಂದಲ್ಲ. ನಮ್ಮ ಮಕ್ಕಳ ಮೈಯೂ ಸುಡುತ್ತದೆ, ಸಿಪ್ಪೆ ಏಳುತ್ತದೆ, ಕಂದುತ್ತದೆ. ಕಣ್ಣಿಗೆ ವರ್ಣದ ಈ ರಕ್ಷೆಯೂ ಸಾಲದು, ಏಕೆಂದರೆ ಮುಂದೆ ಕಣ್ಣಿಗೆ ಪೊರೆ ಬರುವ ಕಾರಣಗಳಲ್ಲಿ ಈ ಕಿರಣಗಳೂ ಒಂದು. ಅಲ್ಲದೆ ಆ ಹಿರಿಯರು ಗದ್ದೆಗೆ ಬರಿದಲೆಯಲ್ಲಿ ಹೋಗುತ್ತಿರಲಿಲ್ಲ. ಅಡಕೆಯ ಹಾಳೆಯಿಂದ ಮಾಡಿದ ಮುಟ್ಟಾಳೆಯನ್ನು ತಲೆಗಿಟ್ಟು, ಬೆಳಗಿನ ತಂಪಿನಲ್ಲಿ ಉಳುಮೆ ಮುಗಿಸಿ, ಏರುಬಿಸಿಲಿಗೆ ಮರದ ಬುಡಕ್ಕೆ ಬರುತ್ತಿದ್ದರು. ಅವರು ಲೇಪವಿಲ್ಲದೆ ಬದುಕಿದರೆಂಬುದನ್ನು ನೆನೆಯುವವರು, ಅವರು ಏನೇನು ಮಾಡಿ ಬದುಕಿದರೆಂಬುದನ್ನೂ ನೆನೆಯಬೇಕು.

ಎರಡನೆಯ ತಪ್ಪು ಹೊಸಬರದು. ಬಿಳಿಯರ ದೇಶಗಳಲ್ಲಿ ಬಿಳಿಯ ಚರ್ಮಕ್ಕಾಗಿ ಹುಟ್ಟಿದ ಭಯವನ್ನು ಹಾಗೆಯೇ ತಂದು ನಮ್ಮ ಮಕ್ಕಳ ಮೇಲೆ ಹೇರುವುದು. ಮನೆಯೊಳಗೆ ಓದುತ್ತಿರುವ ಮಗುವಿಗೂ ಮೂರು ಹೊತ್ತು ಲೇಪ ಹಚ್ಚಬೇಕೆನ್ನುವ ಜಾಹೀರಾತುಗಳನ್ನು ನಾವು ನೋಡುತ್ತಿದ್ದೇವೆ. ಬಿಸಿಲು ಮಗುವಿನ ಶತ್ರುವಲ್ಲ. ಎಲುಬುಗಳಿಗೆ ಬೇಕಾದ ಡಿ ಜೀವಸತ್ತ್ವವನ್ನು ಚರ್ಮವು ತಯಾರಿಸುವುದು ಬಿಸಿಲಿನಿಂದಲೇ. 2016ರಿಂದ 2018ರವರೆಗೆ ನಡೆದ ರಾಷ್ಟ್ರೀಯ ಸಮಗ್ರ ಪೋಷಣಾ ಸಮೀಕ್ಷೆಯಲ್ಲಿ, ಐದರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಶೇಕಡಾ 18, ಹದಿಹರೆಯದವರಲ್ಲಿ ಶೇಕಡಾ 24 ಮಂದಿಗೆ ಈ ಜೀವಸತ್ತ್ವದ ಕೊರತೆಯಿರುವುದು ಕಂಡುಬಂದಿತು. ಇಷ್ಟು ಬಿಸಿಲಿರುವ ದೇಶದಲ್ಲಿ ಇದು ನಾಚಿಕೆಗೇಡು. ಮಕ್ಕಳನ್ನು ಕತ್ತಲೆಯಲ್ಲಿ ಕೂಡಿಹಾಕಿರೆಂದು ನಾವು ಹೇಳುವುದಿಲ್ಲ. ಅವರು ಬೆಳಗ್ಗೆಯೂ ಸಂಜೆಯೂ ಬಯಲಿನಲ್ಲಿ ಆಡಲಿ. ಸುಡುವ ಹೊತ್ತಿನಲ್ಲಿ ಮಾತ್ರ ರಕ್ಷೆಯಿರಲಿ.

ಹಾಗಾದರೆ ಮೊದಲನೆಯ ರಕ್ಷೆ ಯಾವುದು? ಅದು ಅಂಗಡಿಯಲ್ಲಿ ಸಿಗುವುದಿಲ್ಲ. ಹೊತ್ತು, ನೆರಳು, ಬಟ್ಟೆ, ತಲೆಯ ಮರೆ, ಈ ನಾಲ್ಕು ಮೊದಲು, ಲೇಪವು ಐದನೆಯದು. ಆರು ತಿಂಗಳು ತುಂಬದ ಹಸುಳೆಗೆ ನಾಲ್ಕೇ ಸಾಕು, ಐದನೆಯದು ಬೇಡ. ಅಷ್ಟು ಎಳೆಯ ಚರ್ಮಕ್ಕೆ ಲೇಪ ಹಚ್ಚದೆ ನೆರಳಿನಲ್ಲಿಡುವುದೇ ಸರಿಯೆಂದು ವೈದ್ಯರ ಮತ. ಬಟ್ಟೆಯೆಂದರೆ ಒತ್ತಾಗಿ ನೇಯ್ದ, ತೋಳು ಮುಚ್ಚುವ ಹತ್ತಿಯ ಅಂಗಿ. ತೆಳುವಾದ ಬಿಳಿಯ ಅಂಗಿಯು ಬೆವರಿನಿಂದ ನೆನೆದಾಗ ಕಿರಣಗಳಿಗೆ ದಾರಿ ಬಿಡುತ್ತದೆ. ನಮ್ಮ ಹಲವು ಶಾಲೆಗಳ ವ್ಯಾಯಾಮದ ಉಡುಪು ಇದೇ ಆಗಿರುವುದು ವಿಚಾರಿಸತಕ್ಕ ಸಂಗತಿ. ತಲೆಯ ಮರೆಯೆಂದರೆ ಮುಂದೆ ಮಾತ್ರ ಚುಂಚಿರುವ ಟೊಪ್ಪಿಯಲ್ಲ. ಕಿವಿಯನ್ನೂ ಕತ್ತನ್ನೂ ಮುಚ್ಚುವ ಅಗಲ ಅಂಚಿನದು.

ಪುತ್ತಿಗೆ ಪದವಿನಂತಹ ಕೆಂಪುಕಲ್ಲಿನ ಬಯಲುಗಳನ್ನು ಕಂಡವರಿಗೆ ನೆರಳಿನ ಬೆಲೆ ತಿಳಿದಿದೆ. ಮೂಡಬಿದ್ರೆಯ ಸುತ್ತಿನ ಪ್ರದೇಶವು ಇಂದು ವಿದ್ಯಾರ್ಥಿಗಳ ಊರು. ದೂರದೂರದ ಮಕ್ಕಳು ಇಲ್ಲಿಗೆ ಓದಲು ಬರುತ್ತಾರೆ. ಸ್ವರಾಜ್ಯ ಮೈದಾನದಲ್ಲಿ ದೊಡ್ಡ ಕ್ರೀಡಾಕೂಟಗಳು ಜರುಗುತ್ತವೆ. 2022ರ ಡಿಸೆಂಬರಿನಲ್ಲಿ ಸ್ಕೌಟರ ಮತ್ತು ಗೈಡರ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಗೆ ಸಾವಿರಾರು ಮಕ್ಕಳು ಇಲ್ಲಿ ನೆರೆದಿದ್ದರು. ಇಂತಹ ಊರಿನ ಶಾಲೆಗಳು ಉಳಿದವರಿಗೆ ಮೇಲ್ಪಂಕ್ತಿಯಾಗಬೇಕು. ಸೋಗೆಯ ಚಪ್ಪರ ಹಾಕಿಸುವುದಕ್ಕೆ ನಮ್ಮ ಜಿಲ್ಲೆಯಲ್ಲಿ ಯಾರಿಗೂ ಕಲಿಸಿಕೊಡಬೇಕಾಗಿಲ್ಲ. ಮದುವೆಗೆ ಬಂದ ಅತಿಥಿಗಳಿಗೆ ಚಪ್ಪರ ಹಾಕುವ ನಾವು, ಓಟಕ್ಕೆ ಸಾಲುನಿಂತ ಮಕ್ಕಳಿಗೆ ಏಕೆ ಹಾಕಬಾರದು? ವೇದಿಕೆಯ ಮೇಲಿನ ಗಣ್ಯರಿಗೆ ಶಾಮಿಯಾನ, ಎದುರಿಗೆ ಕುಳಿತ ಮಕ್ಕಳಿಗೆ ಬಿಸಿಲು ಎಂಬ ನಮ್ಮ ಸಭೆಗಳ ಪದ್ಧತಿಯನ್ನು ನಾವು ಖಂಡಿಸುತ್ತೇವೆ. ಲೇಪ ಹಚ್ಚಿ ಕಳುಹಿಸಿರೆಂದು ತಂದೆತಾಯಿಗಳಿಗೆ ಒಂದು ಸಾಲು ಬರೆದರೆ ಶಾಲೆಯ ಹೊಣೆ ತೀರುವುದಿಲ್ಲ.

ಇನ್ನು ಲೇಪದ ವಿಷಯ. ನಡುಹಗಲಿನ ಬಿಸಿಲನ್ನು ತಪ್ಪಿಸಲಾಗದ ದಿನಗಳಲ್ಲಿ, ಕ್ರೀಡಾಕೂಟ, ಪ್ರವಾಸ, ಕಡಲತೀರ, ಈಜು ಮುಂತಾದ ಸಂದರ್ಭಗಳಲ್ಲಿ, ಬಟ್ಟೆ ಮುಚ್ಚದ ಭಾಗಕ್ಕೆ ಅದು ಉಪಯುಕ್ತವೇ ಸರಿ. ಯಾವುದನ್ನು ಕೊಳ್ಳಬೇಕೆಂಬುದಕ್ಕೆ ಟ್ಯೂಬಿನ ಮುಂಭಾಗದ ಚಿತ್ರವನ್ನು ನೋಡಿ ಫಲವಿಲ್ಲ. ಹಿಂಭಾಗದ ಸಣ್ಣ ಅಕ್ಷರಗಳನ್ನು ಓದಬೇಕು.

ಈ ಲೇಪಗಳಲ್ಲಿ ಎರಡು ಜಾತಿಗಳಿವೆ. ಒಂದರಲ್ಲಿ ಖನಿಜದ ನುಣುಪಾದ ಪುಡಿ ಇರುತ್ತದೆ: ಜಿಂಕ್ ಆಕ್ಸೈಡ್, ಇಲ್ಲವೆ ಟೈಟೇನಿಯಂ ಡೈಆಕ್ಸೈಡ್. ಇವು ಚರ್ಮದ ಮೇಲೆಯೇ ನಿಂತು ಕೆಲಸ ಮಾಡುತ್ತವೆ. ಇನ್ನೊಂದರಲ್ಲಿ ಆಕ್ಸಿಬೆಂಜೋನ್, ಅವೊಬೆಂಜೋನ್, ಆಕ್ಟಿನಾಕ್ಸೇಟ್, ಹೋಮೋಸಲೇಟ್ ಮೊದಲಾದ ರಾಸಾಯನಿಕಗಳಿರುತ್ತವೆ. ಇವು ಕಿರಣಗಳನ್ನು ಹೀರಿಕೊಳ್ಳುತ್ತವೆ. 2019ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಈ ದ್ರವ್ಯಗಳನ್ನೆಲ್ಲ ಪರಾಮರ್ಶಿಸಿ, ಮೇಲೆ ಹೇಳಿದ ಎರಡು ಖನಿಜಗಳನ್ನು ಮಾತ್ರ ಸುರಕ್ಷಿತವೂ ಫಲಕಾರಿಯೂ ಎಂದು ಒಪ್ಪಲು ಸಾಕಷ್ಟು ಆಧಾರವಿದೆಯೆಂದೂ, ಬಳಕೆಯಲ್ಲಿದ್ದ ಹನ್ನೆರಡು ರಾಸಾಯನಿಕಗಳ ಬಗ್ಗೆ ಇನ್ನೂ ಪರೀಕ್ಷೆಗಳು ಬೇಕೆಂದೂ ತನ್ನ ಕರಡಿನಲ್ಲಿ ಹೇಳಿತು. ಅದೇ ವರ್ಷವೂ ಮರುವರ್ಷವೂ ಪ್ರಕಟವಾದ ಪ್ರಯೋಗಗಳಲ್ಲಿ ಇಂತಹ ಕೆಲವು ರಾಸಾಯನಿಕಗಳು ಚರ್ಮದ ಮೂಲಕ ರಕ್ತಕ್ಕೆ ಸೇರುವುದು ಕಂಡುಬಂದಿತು. 2022ರಲ್ಲಿ ಯುರೋಪಿಯನ್ ಒಕ್ಕೂಟವು ಆಕ್ಸಿಬೆಂಜೋನ್ ಮತ್ತು ಹೋಮೋಸಲೇಟುಗಳ ಪ್ರಮಾಣಕ್ಕೆ ಮಿತಿಯನ್ನು ಬಿಗಿಗೊಳಿಸಿತು. ರಕ್ತಕ್ಕೆ ಸೇರುವುದೆಂದರೆ ಹಾನಿಯಾಯಿತೆಂದು ಅರ್ಥವಲ್ಲ, ವಾಚಕರು ಗಾಬರಿಪಡಬೇಕಾಗಿಲ್ಲ. ಆದರೆ ಸಂಶಯವಿಲ್ಲದ ವಸ್ತು ಪಕ್ಕದಲ್ಲಿಯೇ ಇರುವಾಗ ಸಂಶಯವಿರುವುದನ್ನು ಎಳೆಯ ಮೈಗೆ ಹಚ್ಚುವುದು ವಿವೇಕವಲ್ಲ. ಆದುದರಿಂದ ಮಕ್ಕಳಿಗೆ ಖನಿಜದ ಲೇಪವೇ ಮೇಲು. ಅದು ನಮ್ಮ ಮೈಬಣ್ಣದ ಮೇಲೆ ವಿಭೂತಿಯಂತೆ ಬಿಳುಪಾಗಿ ಕಾಣುವುದೆಂಬ ಆಕ್ಷೇಪಣೆ ನಿಜ. ಮೈದಾನದಲ್ಲಿ ಆಡುವ ಮಗುವಿಗೆ ಅದರಿಂದ ಯಾವ ನಷ್ಟವೂ ಇಲ್ಲ.

ಅಂಕೆಯ ಮಾತು. ಎಸ್.ಪಿ.ಎಫ್. ಎಂಬ ಅಂಕೆಯು ಚರ್ಮವನ್ನು ಸುಡುವ ಕಿರಣಗಳಿಗೆ ಲೇಪವು ಒಡ್ಡುವ ತಡೆಯನ್ನು ತಿಳಿಸುತ್ತದೆ. 15 ಎಂದಿದ್ದರೆ ಸುಮಾರು ಶೇಕಡಾ 93, 30 ಎಂದಿದ್ದರೆ 97, 50 ಎಂದಿದ್ದರೆ 98. ಮೂವತ್ತರಿಂದ ಐವತ್ತಕ್ಕೆ ಹೋದರೆ ದೊರೆಯುವ ಲಾಭ ನೂರಕ್ಕೆ ಒಂದು; ಐವತ್ತರಿಂದ ನೂರಕ್ಕೆ ಹೋದರೂ ಅಷ್ಟೇ. ಅಂಕೆ ದುಪ್ಪಟ್ಟಾದರೆ ರಕ್ಷಣೆಯೂ ದುಪ್ಪಟ್ಟೆಂದು ತಿಳಿದು ಹೆಚ್ಚು ಹಣ ತೆರುವವರು ಮೋಸಹೋಗುತ್ತಾರೆ. ಮೂವತ್ತು ಸಾಕು, ಐವತ್ತು ಸಿಕ್ಕರೆ ಒಳ್ಳೆಯದು. ಆದರೆ ಈ ಅಂಕೆ ಒಂದೇ ಸಾಲದು. ಚರ್ಮದ ಆಳಕ್ಕೆ ಇಳಿಯುವ ಇನ್ನೊಂದು ಬಗೆಯ ಕಿರಣವೂ ಇದೆ. ಅದನ್ನೂ ತಡೆಯುವ ಲೇಪದ ಮೇಲೆ ‘ಬ್ರಾಡ್ ಸ್ಪೆಕ್ಟ್ರಮ್’ ಎಂಬ ಮಾತಾಗಲಿ, ಪಿ.ಎ. ಎಂಬ ಅಕ್ಷರಗಳ ಮುಂದೆ ಕೂಡಿಸುವ ಚಿಹ್ನೆಗಳಾಗಲಿ ಇರುತ್ತವೆ. ಆ ಚಿಹ್ನೆಗಳು ಮೂರಾದರೂ ಇರಲಿ.

ಲೇಪವು ಕ್ರೀಮಿನ ರೂಪದಲ್ಲಿರಲಿ. ಸಿಂಪಡಿಸುವ ಡಬ್ಬಿ ಬೇಡ. ಅದರ ಹನಿಗಳು ಮಗುವಿನ ಉಸಿರಿನೊಡನೆ ಒಳಹೋಗುತ್ತವೆ. ಚರ್ಮಕ್ಕೆ ಎಷ್ಟು ತಗುಲಿತೆಂಬುದೂ ತಿಳಿಯುವುದಿಲ್ಲ. 2021ರಲ್ಲಿ ಅಮೆರಿಕದಲ್ಲಿ ಇಂತಹ ಕೆಲವು ಡಬ್ಬಿಗಳಲ್ಲಿ ಬೆಂಜೀನ್ ಎಂಬ ವಿಷಕಾರಿ ದ್ರವ್ಯದ ಅಂಶ ಕಂಡು ಮಾರಾಟಗಾರರು ಅವುಗಳನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಸುಗಂಧವಿಲ್ಲದ್ದನ್ನು ಆರಿಸಿರಿ, ಮಕ್ಕಳ ಚರ್ಮದಲ್ಲಿ ದದ್ದೇಳಲು ಸುಗಂಧವು ಸಾಮಾನ್ಯ ಕಾರಣ. ಹೊಸ ಲೇಪವನ್ನು ಮೊದಲು ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ ಒಂದೆರಡು ದಿನ ನೋಡಿರಿ. ನಮ್ಮ ಪತ್ರಲೇಖಕರು ಇಷ್ಟು ಮಾಡಿದ್ದರೆ ಅವರ ಸಂಶಯಕ್ಕೆ ಉತ್ತರ ಮೊದಲೇ ಸಿಗುತ್ತಿತ್ತು. ತೆಂಗಿನೆಣ್ಣೆಯೇ ಸಾಕೆಂಬ ನಂಬಿಕೆಯೂ ನಮ್ಮಲ್ಲಿ ಇದೆ. ಅದರ ತಡೆ ಅತ್ಯಲ್ಪ. ಕಪ್ಪು ಹೋಗಲೆಂದು ನಿಂಬೆರಸ ಹಚ್ಚಿ ಬಿಸಿಲಿಗೆ ಕಳುಹಿಸುವುದಂತೂ ಅಪಾಯಕರ. ನಿಂಬೆರಸ ತಗುಲಿದ ಚರ್ಮವು ಬಿಸಿಲಿನಲ್ಲಿ ಬೊಬ್ಬೆಯೆದ್ದು ಸುಡುತ್ತದೆ.

ಪ್ರಮಾಣದ ವಿಷಯವನ್ನು ಯಾರೂ ಹೇಳುವುದಿಲ್ಲ. ಆದುದರಿಂದ ನಾವು ಹೇಳುತ್ತೇವೆ. ಟ್ಯೂಬಿನ ಮೇಲಿನ ಅಂಕೆಯನ್ನು ಪರೀಕ್ಷಿಸುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ ಎರಡು ಮಿಲಿಗ್ರಾಂ ಲೇಪ ಹಚ್ಚುತ್ತಾರೆ. ಏಳು ವರ್ಷದ ಮಗುವಿನ ಮುಖ, ಕತ್ತು, ಮುಂಗೈ, ಮೊಣಕಾಲ ಕೆಳಗಿನ ಭಾಗ, ಇಷ್ಟಕ್ಕೆ ಆ ಲೆಕ್ಕದಲ್ಲಿ ಸುಮಾರು ಐದು ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಬೇಕು. ಬಿಸಿಲಿಗೆ ಹೊರಡುವ ಕಾಲು ಗಂಟೆ ಮೊದಲು ಒಮ್ಮೆ, ಎರಡು ಗಂಟೆಗಳಾದ ಮೇಲೆ ಮತ್ತೊಮ್ಮೆ, ಬೆವರಿದರೆ ಅಥವಾ ಈಜಿದರೆ ಇನ್ನೂ ಒಮ್ಮೆ. ಐವತ್ತು ಗ್ರಾಮಿನ ಟ್ಯೂಬು ಹತ್ತು ಸಲಕ್ಕೆ ಮುಗಿಯಬೇಕು. ಕಡಲೆಕಾಳಿನಷ್ಟು ಹಚ್ಚಿ ಒಂದೇ ಟ್ಯೂಬನ್ನು ವರ್ಷವಿಡೀ ಬಳಸುವವರು ರಕ್ಷಣೆಯ ಭ್ರಮೆಯನ್ನು ಮಾತ್ರ ಕೊಂಡಿರುತ್ತಾರೆ. ಆ ಭ್ರಮೆಯಿಂದ ಮಗುವನ್ನು ಹೆಚ್ಚು ಹೊತ್ತು ಬಿಸಿಲಿನಲ್ಲಿ ಬಿಡುತ್ತಾರೆ. ಇಷ್ಟು ವೆಚ್ಚವನ್ನು ದಿನವೂ ಮಾಡಲು ಎಷ್ಟು ಸಂಸಾರಗಳಿಗೆ ಶಕ್ತಿಯಿದೆ? ಹೊತ್ತು, ನೆರಳು, ಬಟ್ಟೆ, ಟೊಪ್ಪಿಗಳನ್ನು ನಾವು ಮೊದಲಿಟ್ಟುದಕ್ಕೆ ಇದೂ ಒಂದು ಕಾರಣ.

ಈಗ ಅಂಗಡಿಯವನ ಮಾತಿಗೆ ಬರೋಣ: ‘ಮಗು ಬೆಳ್ಳಗೂ ಆಗ್ತದೆ.’ ನಮ್ಮ ಪತ್ರಲೇಖಕರ ಕಥೆಯಲ್ಲಿ ನಮ್ಮನ್ನು ಹೆಚ್ಚಾಗಿ ನೋಯಿಸಿದ ಮಾತು ಇದೇ. ಬಿಸಿಲನ್ನು ತಡೆಯುವ ಲೇಪಕ್ಕೂ ಬಿಳುಪಿನ ಆಸೆಗೂ ಯಾವ ಸಂಬಂಧವೂ ಇಲ್ಲ. ಏಳು ವರ್ಷದ ಹೆಣ್ಣುಮಗುವಿಗೆ ಅವಳ ಬಣ್ಣವೇ ಒಂದು ರೋಗವೆಂದು ಕಲಿಸುವುದು ಅಪರಾಧ; ಆ ಬಣ್ಣವೇ ಅವಳ ಮೊದಲ ಕವಚವೆಂದು ವಿಜ್ಞಾನ ಹೇಳುತ್ತಿರುವಾಗ ಅದು ಮೂರ್ಖತನವೂ ಹೌದು. ಇದು ಅಭಿಮಾನದ ಪ್ರಶ್ನೆ ಮಾತ್ರವಲ್ಲ. ಬಿಳುಪಿನ ಕ್ರೀಮುಗಳಲ್ಲಿ ಕೆಲವಕ್ಕೆ ಪಾದರಸವನ್ನು ಬೆರೆಸುತ್ತಾರೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್ಲಿನ ವೈದ್ಯರು ಇಂತಹ ಕ್ರೀಮುಗಳನ್ನು ಬಳಸಿದವರಲ್ಲಿ ಮೂತ್ರಪಿಂಡದ ರೋಗವನ್ನು ಗುರುತಿಸಿದರು. ಅವರಲ್ಲಿ ಶಾಲೆಗೆ ಹೋಗುವ ವಯಸ್ಸಿನ ಬಾಲಕಿಯೂ ಇದ್ದಳು. ನಮ್ಮ ದೇಶದ ಕಾನೂನು ಪಾದರಸ ಬೆರೆಸಿದ ಮೈಕ್ರೀಮುಗಳನ್ನು ನಿಷೇಧಿಸಿದೆ. ಆದರೂ ಅವು ಬರುತ್ತವೆ. ತಯಾರಕರ ಹೆಸರು ವಿಳಾಸ, ಲೈಸನ್ಸಿನ ಸಂಖ್ಯೆ, ತಂಡದ ಸಂಖ್ಯೆ, ಬಳಸಬೇಕಾದ ಕೊನೆಯ ದಿನಾಂಕ, ಒಳಗಿನ ದ್ರವ್ಯಗಳ ಪಟ್ಟಿ, ಇವು ಟ್ಯೂಬಿನ ಮೇಲೆ ಇರಲೇಬೇಕೆಂದು 2020ರ ಸೌಂದರ್ಯವರ್ಧಕ ನಿಯಮಗಳು ವಿಧಿಸಿವೆ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಅದನ್ನು ಮುಟ್ಟಬಾರದು. ಔಷಧ ನಿರೀಕ್ಷಕರಿಗೆ ತಿಳಿಸಬೇಕು. ಬಿಳುಪಿನ ಹೆಸರೆತ್ತುವ ಲೇಪವನ್ನು, ಅದರ ಕಾಗದಪತ್ರಗಳೆಲ್ಲ ಸರಿಯಾಗಿದ್ದರೂ, ಮಗುವಿಗೆ ತರಬೇಡಿರಿ.

ಇಲ್ಲಿಯವರೆಗೆ ನಾವು ಹೇಳಿದ್ದು ಸಾಮಾನ್ಯ ಮಕ್ಕಳ ಮಾತು. ಅವರಿಗೆ ಲೇಪವು ಅನುಕೂಲ. ಇನ್ನು ಕೆಲವು ಮಕ್ಕಳಿದ್ದಾರೆ. ಅವರಿಗೆ ಅದು ಔಷಧ. ಹುಟ್ಟಿನಿಂದಲೇ ಚರ್ಮ, ಕೂದಲು, ಕಣ್ಣುಗಳಿಗೆ ವರ್ಣದ್ರವ್ಯವಿಲ್ಲದ, ವೈದ್ಯರು ಆಲ್ಬಿನಿಸಂ ಎಂದು ಕರೆಯುವ ಸ್ಥಿತಿಯ ಮಕ್ಕಳನ್ನು ನಮ್ಮ ವಾಚಕರು ಕಂಡಿರಬಹುದು. ಪ್ರಕೃತಿಯ ಕವಚವು ಅವರಿಗೆ ಇಲ್ಲ. ನಮ್ಮ ಬಿಸಿಲು ಅವರ ಮೈಯನ್ನು ಕೆಲವೇ ನಿಮಿಷಗಳಲ್ಲಿ ಸುಡುತ್ತದೆ. ರಕ್ಷಣೆಯಿಲ್ಲದೆ ಬೆಳೆದರೆ ಚಿಕ್ಕ ವಯಸ್ಸಿನಲ್ಲಿಯೇ ಚರ್ಮದ ಅರ್ಬುದ ಬರುವ ಅಪಾಯವಿದೆ. ದೃಷ್ಟಿಯೂ ಮಂದವಾದುದರಿಂದ ತರಗತಿಯಲ್ಲಿ ಅವರು ಹಿಂದೆ ಬೀಳುತ್ತಾರೆ. ಸಹಪಾಠಿಗಳ ಹಾಸ್ಯಕ್ಕೂ ಗುರಿಯಾಗುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇಂತಹವರಿಗಾಗಿ ಬಿಸಿಲಿನ ಲೇಪವನ್ನು ತನ್ನ ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

ನಮ್ಮ ಸರಕಾರದ ದೃಷ್ಟಿಯಲ್ಲಿ ಅದು ಏನು? ಸೌಂದರ್ಯವರ್ಧಕ. 1940ರ ಔಷಧ ಕಾಯಿದೆಗೆ 1962ರಲ್ಲಿ ಸೌಂದರ್ಯವರ್ಧಕಗಳ ವಿಷಯವನ್ನು ಸೇರಿಸಿದರು. ಬಿಸಿಲಿನ ಲೇಪವು ಆ ಗುಂಪಿನಲ್ಲಿಯೇ ಉಳಿದಿದೆ. ಅಮೆರಿಕದಲ್ಲಿ ಅದು ಔಷಧವೆನಿಸಿದೆ. ಆಸ್ಟ್ರೇಲಿಯದಲ್ಲಿಯೂ ಬಹುಮಟ್ಟಿಗೆ ಅದೇ ಕಟ್ಟುಪಾಡು. 2025ರ ಸೆಪ್ಟೆಂಬರಿನಲ್ಲಿ ಸರಕು ಮತ್ತು ಸೇವಾ ತೆರಿಗೆಯನ್ನು ಪರಿಷ್ಕರಿಸಿದಾಗ ಟಾಲ್ಕಂ ಪೌಡರಿನ ಮೇಲಿನ ತೆರಿಗೆ ಶೇಕಡಾ 18ರಿಂದ 5ಕ್ಕೆ ಇಳಿಯಿತು. ಬಿಸಿಲಿನ ಲೇಪದ ತೆರಿಗೆ 18ರಲ್ಲಿಯೇ ನಿಂತಿತು. ಒಂದೇ ತಿಂಗಳಲ್ಲಿ ಜಗತ್ತಿನ ಆರೋಗ್ಯ ಸಂಸ್ಥೆಯು ಅತ್ಯಾವಶ್ಯಕವೆಂದ ವಸ್ತುವನ್ನು ನಮ್ಮವರು ಮುಖದ ಪುಡಿಗಿಂತ ಹೆಚ್ಚಿನ ವಿಲಾಸವೆಂದು ಎಣಿಸಿದರು. ಮೈಗೆ ಕವಚವಿಲ್ಲದ ಮಗುವಿನ ತಾಯಿಯು ಪ್ರತಿ ಟ್ಯೂಬಿಗೂ ಈ ವಿಲಾಸದ ಕಂದಾಯವನ್ನು ತೆರುತ್ತಾಳೆ. ಇದು ನ್ಯಾಯವೇ ಎಂದು ನಾವು ಅಧಿಕಾರಸ್ಥರನ್ನು ಕೇಳುತ್ತೇವೆ.

ಹಣವಿಲ್ಲ, ಸಾಮಗ್ರಿಯಿಲ್ಲ ಎಂಬ ಉತ್ತರವನ್ನು ನಾವು ಒಪ್ಪಲಾರೆವು. ನಮಗಿಂತ ಬಡದೇಶವಾದ ಟಾಂಜಾನಿಯದ ಮೋಶಿ ಪಟ್ಟಣದ ಚರ್ಮರೋಗ ಕೇಂದ್ರದಲ್ಲಿ ಆಲ್ಬಿನಿಸಂ ಇರುವವರಿಗಾಗಿಯೇ ಲೇಪವನ್ನು ತಯಾರಿಸಿ ಹಂಚುತ್ತ ಬಂದಿದ್ದಾರೆ. ಅದನ್ನು ಕಿಲಿಸನ್ ಎನ್ನುತ್ತಾರೆ. ನಮ್ಮ ದೇಶವೋ ಸತುವನ್ನು ಕರಗಿಸುವ ವಿದ್ಯೆಯಲ್ಲಿ ಪುರಾತನವಾದುದು. ರಾಜಸ್ಥಾನದ ಜಾವರ್ ಗಣಿಗಳ ಹಳೆಯ ಮೂಸೆಗಳೇ ಅದಕ್ಕೆ ಸಾಕ್ಷಿ. ಆ ಸತುವಿನ ಆಕ್ಸೈಡೇ ಈ ಲೇಪದ ಮುಖ್ಯ ದ್ರವ್ಯ. ಟೈಟೇನಿಯಂ ಅದಿರಿರುವ ಕಪ್ಪು ಮರಳು ನಮ್ಮದೇ ಪಡುವಣ ಕಡಲತೀರದಲ್ಲಿ, ಕೇರಳದ ಚವರದಲ್ಲಿ ದೊರೆಯುತ್ತದೆ. ಅದರಿಂದ ಟೈಟೇನಿಯಂ ಡೈಆಕ್ಸೈಡನ್ನು ತಯಾರಿಸುವ ಸರಕಾರಿ ಕಾರ್ಖಾನೆಯೂ ಅಲ್ಲಿಯೇ ಇದೆ. ಸಾಮಗ್ರಿಯಿದೆ, ವಿದ್ಯೆಯಿದೆ, ಬೇಕಾಗಿರುವುದು ಮನಸ್ಸು.

ಆದುದರಿಂದ ನಮ್ಮ ಬೇಡಿಕೆಗಳು ಹೀಗಿವೆ. ಆಲ್ಬಿನಿಸಂ ಇರುವ ಪ್ರತಿಯೊಂದು ಮಗುವಿಗೂ ವೈದ್ಯರ ಚೀಟಿಯ 
ಮೇಲೆ ಬಿಸಿಲಿನ ಲೇಪವು ಸರಕಾರಿ ಆಸ್ಪತ್ರೆಗಳಲ್ಲಿ, ಮಂಗಳೂರಿನ ವೆನ್ಲಾಕಿನಲ್ಲಿಯೂ ತಾಲೂಕಿನ ಆರೋಗ್ಯ ಕೇಂದ್ರಗಳಲ್ಲಿಯೂ, ಉಚಿತವಾಗಿ ದೊರೆಯಬೇಕು. ಲೇಪದ ಮೇಲಿನ ತೆರಿಗೆಯನ್ನು ಔಷಧದ ಮಟ್ಟಕ್ಕೆ ಇಳಿಸಬೇಕು. ಅಂಗಡಿಗಳಲ್ಲಿ ಮಾರುವ ಲೇಪಗಳನ್ನು ಆಗಾಗ ತೆಗೆದು ಪರೀಕ್ಷಿಸಿ ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಬೇಕು. 2025ರಲ್ಲಿ ಆಸ್ಟ್ರೇಲಿಯದ ಬಳಕೆದಾರರ ಸಂಸ್ಥೆಯೊಂದು 20 ಲೇಪಗಳನ್ನು ಪರೀಕ್ಷಿಸಿದಾಗ 16 ಲೇಪಗಳು ತಮ್ಮ ಮೇಲೆ ಬರೆದ ಅಂಕೆಯನ್ನು ಮುಟ್ಟಲಿಲ್ಲ. ಅಷ್ಟು ಕಟ್ಟುನಿಟ್ಟಿನ ದೇಶದಲ್ಲಿ ಹಾಗಾದರೆ, ಇಲ್ಲಿ ಪರೀಕ್ಷಿಸದೆ ನಂಬುವುದು ಹೇಗೆ? ಕೊನೆಯದಾಗಿ, ಹನ್ನೊಂದರಿಂದ ಎರಡೂವರೆಯವರೆಗೆ ಬಯಲಿನಲ್ಲಿ ಮಕ್ಕಳ ಓಟವನ್ನಾಗಲಿ ಕವಾಯತನ್ನಾಗಲಿ ನಡೆಸಕೂಡದೆಂದು ಕ್ಷೇತ್ರ ಶಿಕ್ಷಣಾಧಿಕಾರಿಗಳು ಒಂದು ಸುತ್ತೋಲೆ ಹೊರಡಿಸಲಿ. ಇದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ.

ಪುತ್ತಿಗೆಯ ಮಹನೀಯರಿಗೆ ನಮ್ಮ ಉತ್ತರ ಇಷ್ಟೇ. ಕೊಂಡ ಟ್ಯೂಬನ್ನು ಬದಿಗಿಡಿರಿ; ದದ್ದು ಮಾಯದಿದ್ದರೆ ಮಗುವನ್ನು ವೈದ್ಯರಿಗೆ ತೋರಿಸಿರಿ, ಟ್ಯೂಬನ್ನೂ ಜತೆಗೆ ಒಯ್ಯಿರಿ. ಮುಂದಿನ ಸಲ ಜಿಂಕ್ ಆಕ್ಸೈಡ್ ಇರುವ, ಮೂವತ್ತಕ್ಕೆ ಕಡಿಮೆಯಿಲ್ಲದ, ಎರಡೂ ಬಗೆಯ ಕಿರಣಗಳನ್ನು ತಡೆಯುವ, ಸುಗಂಧವಿಲ್ಲದ ಕ್ರೀಮನ್ನು ಕೇಳಿರಿ. ಅದಕ್ಕಿಂತ ಮೊದಲು ಮಗಳಿಗೆ ಅಗಲವಾದ ಟೊಪ್ಪಿಯೊಂದನ್ನು ಕೊಡಿಸಿ, ತನ್ನ ನೆರಳನ್ನು ನೋಡಿ ಹೊತ್ತನ್ನು ಅಳೆಯುವುದನ್ನು ಅವಳಿಗೆ ಕಲಿಸಿರಿ. ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು, ಬರುವ ವರ್ಷದ ಕ್ರೀಡಾಕೂಟವು ಬೆಳಗಿನ ಏಳಕ್ಕೆ ಆರಂಭವಾಗಲೆಂದು, ಮಕ್ಕಳು ಕೂರುವಲ್ಲಿ ಚಪ್ಪರವಿರಲೆಂದು ವಿನಯದಿಂದ ಹೇಳಿರಿ. ಒಬ್ಬರೇ ಹೋಗಬೇಡಿರಿ, ಹತ್ತು ಮಂದಿ ತಂದೆತಾಯಿಗಳನ್ನು ಕೂಡಿಕೊಂಡು ಹೋಗಿರಿ. ಬೆಳ್ಳಗಾಗುವ ಮಾತನ್ನು ಇನ್ನೊಮ್ಮೆ ಯಾವ ಅಂಗಡಿಯವನಾದರೂ ಆಡಿದರೆ, ನನ್ನ ಮಗಳ ಬಣ್ಣ ಸರಿಯಾಗಿಯೇ ಇದೆಯೆಂದು ಅವಳಿಗೆ ಕೇಳಿಸುವಂತೆ ಉತ್ತರ ಕೊಡಿರಿ.